ವಾಟರ್ ಸರ್ವಿಸ್‌ಗೆ ಹೋದ ಆಕಾಶಗಂಗೆ

ಚಿತ್ರದುರ್ಗದ ಬಸ್ ನಿಲ್ದಾಣಕ್ಕೆ ಹತ್ತಿರದ ಲಾಡ್ಜೊಂದರ ತಾರಸಿಯ ಮೇಲೆ, ನೀರಿನ ಟ್ಯಾಂಕಿಗೂ ಒಣಹಾಕಿದ್ದ ಬೆಡ್‌ಶೀಟುಗಳಿಗೂ ನಡುವೆ, ನಮ್ಮ ಆಂಟೆನಾದ ಪ್ರತಿಷ್ಠಾಪನೆಯಾಯಿತು. ಇದು ಯಾವ ಚಾನಲ್ಲಿಗೆ ಎಂದು ಲಾಡ್ಜಿನ ಮ್ಯಾನೇಜರು ವಿಚಾರಿಸಿದರು. ಆಕಾಶಗಂಗೆಗೆ ಎಂದೆ. ಅವರು ಗಂಭೀರವಾಗಿ ತಲೆಯಾಡಿಸಿ, ಅದೇನಾದರೂ ಇರಲಿ, ಬೆಡ್‌ಶೀಟು ತೆಗೆಯಲು ಬರುವ ಹೆಂಗಸರ ಕಾಲಿಗೆ ವೈರು ಸಿಕ್ಕಬಾರದು ಎಂದು ಷರತ್ತು ಹಾಕಿದರು. ಇಡೀ ಕಾರ್ಯಕ್ರಮದಲ್ಲಿ ಯಾರಿಂದಲಾದರೂ ನಮಗೆ ಸಿಕ್ಕ ಸ್ಪಷ್ಟವಾದ ಸೂಚನೆ ಅದೊಂದೇ.

ನಮಗೆ ಬೇಕಾಗಿದ್ದದ್ದು ಒಂದು ಮಬ್ಬು. ಆಕಾಶಗಂಗೆಯ ನಡುಪಟ್ಟಿಯ ಉದ್ದಕ್ಕೂ ಕ್ಷ-ಕಿರಣಗಳ ಒಂದು ತೆಳು ಹೊಳಪು ಹರಡಿಕೊಂಡಿದೆ. ಇಂಥ ನಕ್ಷತ್ರದ್ದೇ ಎಂದು ಬೊಟ್ಟು ಮಾಡಿ ತೋರಿಸುವಂತಿಲ್ಲ. ಬಿಡಿಬಿಡಿಯಾಗಿ ಕಾಣಿಸದ ಲೆಕ್ಕವಿಲ್ಲದಷ್ಟು ಸಣ್ಣ ನಕ್ಷತ್ರಗಳ ಒಟ್ಟು ಬೆಳಕೋ, ನಕ್ಷತ್ರಗಳ ನಡುವಿನ ಬಯಲಲ್ಲೇ ಹುಟ್ಟಿದ್ದೋ ಎಂದು ಬಲ್ಲವರು ಬಹುಕಾಲದಿಂದ ಜಗಳವಾಡುತ್ತಿದ್ದಾರೆ. ಮಿಕ್ಕ ಖಗೋಳಿಗರಿಗೆ ಈ ಮಬ್ಬು ಕಸ. ತಮ್ಮ ನಕ್ಷತ್ರವನ್ನು ನೋಡುವ ಮುಂಚೆ ಗುಡಿಸಿ ಆಚೆ ಹಾಕುವಂಥದು. ಆ ಕಸವನ್ನು ಅಳೆದು ತೂಗಲು ಹೊರಟ ಪಂಗಡ ನಮ್ಮದು. ಕ್ಷ-ಕಿರಣ ಗಾಳಿಯನ್ನು ದಾಟಿ ನೆಲಕ್ಕೆ ಇಳಿಯುವುದಿಲ್ಲ. ಹಾಗಾಗಿ ಅಳೆಯುವ ಪೆಟ್ಟಿಗೆಯನ್ನು ದೊಡ್ಡ ಬಲೂನಿಗೆ ಕಟ್ಟಿ, ಗಾಳಿ ಬಹುಮಟ್ಟಿಗೆ ಮುಗಿದುಹೋಗುವಷ್ಟು ಎತ್ತರಕ್ಕೆ ಕಳಿಸಬೇಕು. ಬಲೂನು ಹಾರಿಸುವ ನೆಲೆ ದೂರದ ಇನ್ನೊಂದು ರಾಜ್ಯದಲ್ಲಿತ್ತು. ಅದು ತೇಲಿಕೊಂಡು ನಮ್ಮ ಕಡೆ ಬಂದಾಗ ಅದರ ಮಾತನ್ನು ಹಿಡಿದುಕೊಳ್ಳುವುದು ದುರ್ಗದಲ್ಲಿದ್ದ ನಮ್ಮ ಪಾಲಿನ ಕೆಲಸ.

ನಾವೆಂದರೆ ನಾನು, ಒಬ್ಬ ಸಂಶೋಧನಾ ವಿದ್ಯಾರ್ಥಿನಿ, ಮತ್ತು ಜೀಪಿನ ಚಾಲಕ. ವಿದ್ಯಾರ್ಥಿನಿ ಹೊಸದುರ್ಗದ ಕಡೆಯವಳು. ಫೆಲೋಶಿಪ್ ಮುಗಿಯುತ್ತ ಬಂದಿತ್ತು. ಆಕೆಯ ಪ್ರಬಂಧದ ಮೊದಲ ಅಧ್ಯಾಯಗಳೆಲ್ಲ ಇತರರು ಏನು ಕಂಡರು ಎಂಬುದರ ವಿವರ. ತಾನು ಏನು ಕಂಡೆ ಎಂಬ ಅಧ್ಯಾಯಕ್ಕೆ ಈ ಒಂದು ಹಾರಾಟವೇ ಆಧಾರ. ಎರಡನೆಯ ಹಾರಾಟ ಇಲ್ಲವೆಂದು ಹಣ ಮಂಜೂರು ಮಾಡುವ ಸಮಿತಿ ಮೊದಲೇ ಹೇಳಿತ್ತು. ಇದರಲ್ಲಿ ಏನೂ ಸಿಗದಿದ್ದರೆ ಯೋಜನೆಗೆ ಬೀಗ, ಆಕೆಗೆ ಬರಿಗೈ.

ಅಳೆಯುವ ಕ್ರಮವನ್ನು ಇಲ್ಲಿ ವಿವರಿಸಲೇಬೇಕು, ಏಕೆಂದರೆ ನಮ್ಮ ಗ್ರಹಚಾರವೆಲ್ಲ ಅದರಲ್ಲೇ ಇತ್ತು. ಪೆಟ್ಟಿಗೆಯೊಳಗೆ ಕಿರಣ ಬಿದ್ದಾಗಲೆಲ್ಲ ಮಿನುಗಿ ಲೆಕ್ಕ ಕೊಡುವ ಹರಳೊಂದಿತ್ತು. ಅಷ್ಟು ಎತ್ತರದಲ್ಲೂ ಅದು ಎಣಿಸುವ ಕಿರಣಗಳಲ್ಲಿ ಹೆಚ್ಚಿನವು ಉಳಿದ ಗಾಳಿಯಿಂದಲೂ ಪೆಟ್ಟಿಗೆಯ ಲೋಹದಿಂದಲೂ ಹುಟ್ಟಿದವು. ಆಕಾಶಗಂಗೆಯ ಪಾಲು ಸಾಸಿವೆಯಷ್ಟು. ಆದ್ದರಿಂದ ಸ್ವಲ್ಪ ಹೊತ್ತು ಆಕಾಶಗಂಗೆಯ ಪಟ್ಟಿಯನ್ನು ನೋಡುವುದು, ಆಮೇಲೆ ಪೆಟ್ಟಿಗೆಯನ್ನು ಪಕ್ಕಕ್ಕೆ ತಿರುಗಿಸಿ ಅಷ್ಟೇ ಹೊತ್ತು ಖಾಲಿ ಆಕಾಶವನ್ನು ನೋಡುವುದು, ಮೊದಲನೆಯದರಿಂದ ಎರಡನೆಯದನ್ನು ಕಳೆಯುವುದು. ಉಳಿದದ್ದು ಆಕಾಶಗಂಗೆ. ಪೆಟ್ಟಿಗೆ ಎಷ್ಟು ಎತ್ತರಕ್ಕೆ ಮುಖ ಮಾಡಿದೆಯೋ ಅದನ್ನು ಬದಲಿಸದೆ, ಬರಿ ಎಡಕ್ಕೆ ಬಲಕ್ಕೆ ತಿರುಗಿಸಬೇಕು. ಮೇಲೆ ಕೆಳಗೆ ಆಡಿಸಿದರೆ ನಡುವಿನ ಗಾಳಿಯ ದಪ್ಪ ಬದಲಾಗಿ ಲೆಕ್ಕ ಕೆಡುತ್ತದೆ. ನಮ್ಮಲ್ಲಿ ಹಿಂದಿನಿಂದಲೂ ನಡೆದುಬಂದ ಪದ್ಧತಿ ಇದು. ಒಂಟಿ ನಕ್ಷತ್ರಗಳನ್ನು ಅಳೆದ ಹಳೆಯ ಹಾರಾಟಗಳಲ್ಲೆಲ್ಲ ಇದರಿಂದ ಒಳ್ಳೆಯದೇ ಆಗಿತ್ತು. ನಡೆದುಬಂದದ್ದನ್ನು ನಾವು ಪ್ರಶ್ನಿಸಲಿಲ್ಲ.

ಬಲೂನು ಸೊಗಸಾಗಿ ಏರಿತು. ಬೆಳಿಗ್ಗೆ ಆಕಾಶಗಂಗೆಯ ನಡುಭಾಗ ಆಗ್ನೇಯದಲ್ಲಿ ಸಾಕಷ್ಟು ಮೇಲೆ ಬಂದ ಕೂಡಲೇ ನೋಟ ಶುರುವಾಯಿತು. ತಾರಸಿಯ ಮೂಲೆಯಲ್ಲಿ ಛತ್ರಿಯ ನೆರಳಿನಲ್ಲಿ ಲ್ಯಾಪ್‌ಟಾಪು ಇಟ್ಟುಕೊಂಡು ವಿದ್ಯಾರ್ಥಿನಿ ಕಳೆಯುತ್ತ ಹೋದಳು. ಪಟ್ಟಿಯ ಎಣಿಕೆ, ಪಕ್ಕದ ಎಣಿಕೆ, ವ್ಯತ್ಯಾಸ ಸೊನ್ನೆ. ಮತ್ತೆ ಪಟ್ಟಿ, ಮತ್ತೆ ಪಕ್ಕ, ಮತ್ತೆ ಸೊನ್ನೆ. ಹರಳು ಸರಿಯಿದೆಯೇ ಎಂದು ನೋಡಲು ಪೆಟ್ಟಿಗೆಯೊಳಗೇ ಒಂದು ಚಿಟಿಕೆ ವಿಕಿರಣದ ಮೂಲವಿತ್ತು. ಹರಳು ಅದನ್ನು ಚಾಚೂ ತಪ್ಪದೆ ಗುರುತಿಸುತ್ತಿತ್ತು. ಮುಖ ಮಾಡಿದ ದಿಕ್ಕೂ ಸರಿಯಿತ್ತು. ಎಲ್ಲ ಸರಿಯಿದ್ದು ಬ್ರಹ್ಮಾಂಡ ಮಾತ್ರ ಗೈರುಹಾಜರಾಗಿತ್ತು.

ನೆಲೆಯಿಂದ ನಮ್ಮ ಮುಖ್ಯಸ್ಥರು ಫೋನು ಮಾಡಿದರು. ಅವರು ಕಡಿಮೆ ಮಾತಿನವರು.

“ಗ್ಯಾಲಕ್ಸಿ ಎಲ್ಲಿ ಹೋಯ್ತು ರೀ?”

ನಾನು ಜವಾಬ್ದಾರಿಯ ಸ್ಥಾನದಲ್ಲಿದ್ದವನಾದ್ದರಿಂದ, ಹುಡುಕುತ್ತಿದ್ದೇವೆ ಎಂದೆ.

ಪಟ್ಟಿ ಇನ್ನಷ್ಟು ಮೇಲೇರಿದರೆ ಗಾಳಿಯ ಅಡ್ಡಿ ಕಡಿಮೆಯಾಗುತ್ತದೆ, ಆಗ ಕಾಣಬಹುದು ಎಂದು ಕಾಯುತ್ತಿದ್ದಾಗಲೇ, ಎಣಿಕೆಗಳನ್ನು ಕೆಳಕ್ಕೆ ಕಳಿಸುತ್ತಿದ್ದ ಬಲೂನಿನ ಪ್ರೇಷಕ ಮಾತು ನಿಲ್ಲಿಸಿತು. ನಮ್ಮ ಆಂಟೆನಾದ ವೈರು ಬೆಡ್‌ಶೀಟಿನ ಹೆಂಗಸರ ಕಾಲಿಗೆ ಸಿಕ್ಕಿತೇ ಎಂದು ಓಡಿಹೋಗಿ ನೋಡಿದೆ. ಇಲ್ಲ, ಅವರು ಷರತ್ತನ್ನು ನಮಗಿಂತ ಚೆನ್ನಾಗಿ ಪಾಲಿಸಿದ್ದರು. ಕೆಟ್ಟದ್ದು ಮೇಲಿನದೇ. ಪೆಟ್ಟಿಗೆ ಎಲ್ಲಿದೆ ಎಂದು ಹೇಳುವ ಪ್ರತ್ಯೇಕ ಗುರುತುಯಂತ್ರ ಮಾತ್ರ ಕೆಲಸ ಮಾಡುತ್ತಿತ್ತು. ಮಿಕ್ಕ ಹಗಲಿನ ಎಣಿಕೆಯೆಲ್ಲ ಪೆಟ್ಟಿಗೆಯ ಮೆಮೊರಿ ಕಾರ್ಡಿನಲ್ಲಿ ಭದ್ರವಾಗಿ ಕೂತಿರುತ್ತದೆ, ಇಳಿಸಿ ತೆಗೆದುಕೊಂಡರಾಯಿತು ಎಂದು ಸಮಾಧಾನ ಮಾಡಿಕೊಂಡೆವು. ಸಂಜೆಗೆ ಮುಂಚೆ ನೆಲೆಯವರು ಬಲೂನಿನಿಂದ ಪೆಟ್ಟಿಗೆಯನ್ನು ಬಿಡಿಸಿದರು. ಪ್ಯಾರಾಶೂಟಿನಲ್ಲಿ ಇಳಿದ ಅದು ಹಿರಿಯೂರು ತಾಲ್ಲೂಕಿನ ಐಮಂಗಲದ ಆಚೆ ಹೊಲಗಳ ನಡುವೆ ಎಲ್ಲೋ ಕೂತಿತು. ಹೆದ್ದಾರಿಯಿಂದ ಹೊರಳಿ, ಗೂಗಲ್ ನಕ್ಷೆ ರಸ್ತೆಯೆಂದು ನಂಬಿದ್ದ ಹಳ್ಳವೊಂದಕ್ಕೆ ಇಳಿದು, ಜೀಪು ಹೂತುಕೊಂಡು, ಮತ್ತೆ ವಾಪಸು ಬಂದು ಹೆದ್ದಾರಿ ಪಕ್ಕದಲ್ಲೇ ತಂಗಿದೆವು. ಮಾರನೆಯ ಬೆಳಿಗ್ಗೆ, ರಾತ್ರಿ ತಾನೂ ಸುಮ್ಮನಾಗುವ ಮುಂಚೆ ಗುರುತುಯಂತ್ರ ಹೇಳಿದ್ದ ಜಾಗಕ್ಕೆ ಹೋಗುವ ಹೊತ್ತಿಗೆ ಪೆಟ್ಟಿಗೆ ಇರಲಿಲ್ಲ.

ಅದೊಂದು ಈರುಳ್ಳಿ ಹೊಲ. ಆಗತಾನೇ ನೀರು ಹಾಯಿಸಿದ್ದರು. ಕೆಸರಿನ ನಡುವೆ ಪೆಟ್ಟಿಗೆ ಕೂತಿದ್ದ ಚೌಕದ ಗುರುತು, ಅದರಿಂದ ಹೊರಟ ಟ್ರ್ಯಾಕ್ಟರಿನ ಗಾಲಿಯ ಗುರುತು. ಬದುವಿನ ಮೇಲೆ ಕುರಿ ಕಾಯುವವರೊಬ್ಬರು ಕಂಬಳಿ ಹೆಗಲಿಗೆ ಹಾಕಿ ನಿಂತಿದ್ದರು. ವಿದ್ಯಾರ್ಥಿನಿ ಮುಂದೆ ಹೋಗಿ, ಇಲ್ಲೊಂದು ದೊಡ್ಡ ಪೆಟ್ಟಿಗೆ ಇತ್ತಲ್ಲ ಅಣ್ಣಾ ಎಂದು ಕೇಳಿದಳು.

“ಆ ಕೊಡೆ ಕಟ್ಕಂಡು ಬಿತ್ತಲ್ಲ, ಅದಾ? ಅದು ವಾಟರ್ ಸರ್ವಿಸ್‌ಗೆ ಹೋಗೈತೆ ಕಣವ್ವ.”

ಆಕೆ ನನ್ನ ಕಡೆ ತಿರುಗಿ ನೋಡಿದಳು. ನಾನು ಆ ಮಾತನ್ನು ಇನ್ನೊಮ್ಮೆ ಹೇಳಲು ವಿನಂತಿಸಿಕೊಂಡೆ. ಅವರು ಹೇಳಿದರು. ಎರಡನೆಯ ಸಲವೂ ಅದೇ ಅರ್ಥ ಬಂತು.

ಹೆದ್ದಾರಿಯ ಪಕ್ಕದ ವಾಟರ್ ಸರ್ವಿಸ್ ಅಂಗಡಿಯಲ್ಲಿ, ಸಾಲಿನಲ್ಲಿ ನಿಂತ ಎರಡು ಲಾರಿಗಳ ಮುಂದೆ, ಎತ್ತರದ ಕಟ್ಟೆಯ ಮೇಲೆ ನಮ್ಮ ಪೆಟ್ಟಿಗೆ ನೊರೆಯಲ್ಲಿ ಕೂತಿತ್ತು. ಒಬ್ಬ ಪೈಪು ಹಿಡಿದು ಅದರ ಕೆಳಭಾಗಕ್ಕೆ ನೀರು ಹೊಡೆಯುತ್ತಿದ್ದ. ಪಕ್ಕದಲ್ಲಿ ಇಸ್ತ್ರಿ ಮಾಡಿದ ಬಿಳಿ ಅಂಗಿಯ, ಹಣೆಯಲ್ಲಿ ವಿಭೂತಿ ಧರಿಸಿದ ಯಜಮಾನರೊಬ್ಬರು ನಿಂತು, ಸಂದುಗೊಂದಿನಲ್ಲಿ ಕೆಸರು ಉಳಿಯದಂತೆ ಮೇಲುಸ್ತುವಾರಿ ಮಾಡುತ್ತಿದ್ದರು. ಹೊಲ ಅವರದು. ನಮ್ಮ ಗುರುತು ತಿಳಿದ ಕೂಡಲೇ ಮುಖ ಅರಳಿತು.

“ಬರ್ರಿ ಸಾರ್, ಕುಂತ್ಕಳ್ರಿ. ಇನ್ನೊಂದು ಕೈ ನೀರು ಹೊಡದ್ರೆ ಮುಗೀತು.”

ನಾನು ಕೂರಲಿಲ್ಲ. ಕೈ ಎತ್ತಿ ಪೈಪು ನಿಲ್ಲಿಸಲು ಹೇಳಿದೆ. ಅವರು ವಿವರಿಸಿದರು. ತಮ್ಮ ಹೊಲದಲ್ಲಿ ಹೂತುಕೊಂಡ ಯಾರ ಗಾಡಿಯೇ ಆಗಲಿ, ಎತ್ತಿಸಿ, ತೊಳೆಸಿ ಕಳಿಸುವುದು ಅವರ ಮನೆಯಲ್ಲಿ ತಂದೆಯ ಕಾಲದಿಂದ ಬಂದದ್ದು. ಇದು ಸರ್ಕಾರದ ಸಾಮಾನು ಬೇರೆ. ಬಂದವರು ಕೆಸರಿನಲ್ಲಿ ನೋಡಿದರೆ ಊರಿನ ಬಗ್ಗೆ ಏನಂದುಕೊಂಡಾರು?

“ಬಿಚ್ಚಬಾರದು ಅಂತ ಬರ್ದಿತ್ತು. ಬಿಚ್ಚಿಲ್ಲ ಸಾರ್, ಬೇಕಾದ್ರೆ ನೋಡ್ರಿ. ತೊಳೀಬಾರದು ಅಂತ ಎಲ್ಲೂ ಬರ್ದಿಲ್ಲ.”

ನಿಜ. ಪೆಟ್ಟಿಗೆಯ ನಾಲ್ಕೂ ಬದಿಗೆ ಮೂರು ಭಾಷೆಗಳಲ್ಲಿ ಎಚ್ಚರಿಕೆ ಬರೆಸಿದ್ದೆವು. ಬಿಚ್ಚುವುದು, ಒಡೆಯುವುದು, ಉರುಳಿಸುವುದು, ಬೆಂಕಿಯ ಹತ್ತಿರ ಇಡುವುದು, ಎಲ್ಲಕ್ಕೂ ನಿಷೇಧವಿತ್ತು. ಇಂಥ ಸೌಜನ್ಯ ನಮಗೆ ಎದುರಾದೀತೆಂದು ಕರಡು ತಯಾರಿಸಿದ ಉಪಸಮಿತಿ ಊಹಿಸಿರಲಿಲ್ಲ.

ವಿದ್ಯಾರ್ಥಿನಿ ಸ್ಕ್ರೂ ಬಿಚ್ಚಿ ಮುಚ್ಚಳ ಎತ್ತಿದಳು. ಇಳಿಯುವಾಗಿನ ಹೊಡೆತಕ್ಕೆ ಹರಳಿನ ಮುಂದಿನ ತೆಳು ತಗಡು ಬಿರುಕು ಬಿಟ್ಟಿತ್ತು, ಆ ಬಿರುಕಿನಿಂದ ನೀರು ಒಳಗೆ ಹೋಗಿತ್ತು. ಆ ಹರಳು ಉಪ್ಪಿನ ಜಾತಿಯದು. ಮಳೆಗಾಲದ ಗಾಳಿಯ ತೇವವನ್ನೂ ಸಹಿಸದು. ಬೆಲ್ಲದ ಅಚ್ಚಿನ ಹಾಗೆ ಅಂಚೆಲ್ಲ ಕರಗಿ ಹಳದಿಯಾಗಿ ಕೂತಿತ್ತು. ಮೆಮೊರಿ ಕಾರ್ಡಿನ ಡಬ್ಬಿಯಿಂದ ನೊರೆ ಸುರಿಯಿತು. ಆಕೆ ಅದನ್ನು ತನ್ನ ದುಪಟ್ಟಾದಲ್ಲಿ ಒರೆಸುತ್ತ ನಿಂತಳು.

ಯಜಮಾನರು ಅವಳ ಮುಖ ನೋಡಿದರು, ನನ್ನ ಮುಖ ನೋಡಿದರು. ದನಿ ಇಳಿಯಿತು. “ಒಣಗ್ಸಿದ್ರೆ ಸರಿಹೋಗಲ್ವಾ ಸಾರ್?”

ಸರಿಹೋಗುತ್ತದೆ ಎಂದುಬಿಟ್ಟೆ. ಅವರ ಮುಂದೆ ಬೇರೇನನ್ನೂ ಹೇಳುವ ಶಕ್ತಿ ನನಗಿರಲಿಲ್ಲ. ಯಾರ ಮೇಲಾದರೂ ಸಿಟ್ಟು ಮಾಡಿಕೊಳ್ಳಲೇಬೇಕೆಂದು ಅತ್ತಿತ್ತ ನೋಡಿದೆ. ಯೋಗ್ಯರಾದವರು ಯಾರೂ ಸಿಗಲಿಲ್ಲ. ಮಂಡಕ್ಕಿ ಮೆಣಸಿನಕಾಯಿ, ಚಹಾ ಆಗದೆ ಅವರು ಬಿಡಲಿಲ್ಲ. ಹೊರಡುವ ಮುಂಚೆ, ತೊಳೆದ ಗಾಡಿಗೆಲ್ಲ ಮಾಡುವಂತೆ, ಪೆಟ್ಟಿಗೆಗೂ ಮೂರೆಳೆ ವಿಭೂತಿ ಎಳೆದರು. ಅಧಿಕೃತ ದಾಖಲೆಗಾಗಿ ತೆಗೆದ ಫೋಟೋಗಳಲ್ಲಿ ಅದೇ ಚೆನ್ನಾಗಿ ಬಂದಿದೆ.

ಕಾರ್ಡಿನಿಂದ ಒಂದಕ್ಷರವೂ ಹೊರಡಲಿಲ್ಲ. ಈಗ ನಮ್ಮ ಬಳಿ ಉಳಿದದ್ದು ಪ್ರೇಷಕ ಸುಮ್ಮನಾಗುವ ಮೊದಲಿನ ಎಣಿಕೆ, ಅಂದರೆ ಒಂದು ಹೊರೆ ಸೊನ್ನೆ. ಸೊನ್ನೆಗೂ ನಮ್ಮ ಕಸುಬಿನಲ್ಲಿ ಗೌರವದ ವೇಷವಿದೆ. ‘ಏನೂ ಕಾಣಲಿಲ್ಲ’ ಎನ್ನಬಾರದು. ‘ಇದ್ದರೂ ಇಂತಿಷ್ಟಕ್ಕಿಂತ ಹೆಚ್ಚಿಲ್ಲ’ ಎಂದು ಬರೆಯಬೇಕು. ಹೀಗೆ ಬರೆದರೆ ಸಮಿತಿ ಒಪ್ಪುತ್ತದೆ, ಯೋಜನೆ ಮರ್ಯಾದೆಯಿಂದ ಮುಚ್ಚುತ್ತದೆ, ಅದನ್ನೇ ವಿದ್ಯಾರ್ಥಿನಿ ಅಧ್ಯಾಯ ಮಾಡಿಕೊಳ್ಳಬಹುದು ಎಂದು ಮುಖ್ಯಸ್ಥರು ಸಲಹೆ ಕೊಟ್ಟರು. ಲಾಡ್ಜಿನಲ್ಲೇ ಕೂತು ವರದಿಯ ಕರಡು ಬರೆದೆ. ಬರೆಯುತ್ತ ಬರೆಯುತ್ತ ನನಗೇ ಹುಮ್ಮಸ್ಸು ಬಂತು. ಇದುವರೆಗೆ ಮಬ್ಬನ್ನು ಕಂಡವರೆಲ್ಲ ತಪ್ಪು ಕಂಡಿರಬಹುದು ಎಂಬ ವಾಕ್ಯವನ್ನು, ವಿನಯಪೂರ್ವಕವಾಗಿಯೇ, ಸೇರಿಸಿದೆ.

ವಿದ್ಯಾರ್ಥಿನಿ ಕರಡು ಓದಿ ಸಹಿ ಹಾಕಲಿಲ್ಲ.

“ಸಾರ್, ನಮ್ ಸೊನ್ನೆ ಕೊನೆಕೊನೆಗೆ ಕೆಡ್ತಾ ಐತೆ.”

ಅದು ಸಾಯುತ್ತಿದ್ದ ಪ್ರೇಷಕದ ತೇಕು ಎಂದೆ. ಆಕೆ ಒಪ್ಪಲಿಲ್ಲ.

“ಪ್ರೇಷಕದ್ದಾದ್ರೆ ಎರಡೂ ಕಡೇದು ಕೆಡಬೇಕಲ್ವಾ ಸಾರ್? ಪಟ್ಟಿ ಕಡೇದು ಹಂಗೇ ಐತೆ. ಪಕ್ಕದ್ದೊಂದೇ ಕಮ್ಮಿ ಆಗ್ತಾ ಹೋಗೈತೆ.”

ಇಂಥ ಅನುಮಾನಗಳನ್ನು ಮೊಳಕೆಯಲ್ಲೇ ನಿವಾರಿಸುವುದು ಹಿರಿಯರ ಕರ್ತವ್ಯ. ಆಕೆಯನ್ನು ತಾರಸಿಗೆ ಕರೆದೊಯ್ದೆ. ಅಲ್ಲಿನ ಕಪ್ಪು ಪ್ಲಾಸ್ಟಿಕ್ ನೀರಿನ ಟ್ಯಾಂಕೇ ಆಕಾಶವೆಂದು ಘೋಷಿಸಿ, ಸೀಮೆಸುಣ್ಣದಲ್ಲಿ ಅದರ ಸುತ್ತ ದಿಗಂತದ ಗೆರೆ ಎಳೆದೆ. ಆಗ್ನೇಯದಲ್ಲಿ, ಆ ಬೆಳಿಗ್ಗೆ ನೋಟ ಶುರುವಾದ ಹೊತ್ತಿಗೆ ಆಕಾಶಗಂಗೆ ಹೇಗಿತ್ತೋ ಹಾಗೆ ಅದನ್ನು ಬರೆದೆ. ಮೂಡುವಾಗ ಅದು ನೆಟ್ಟಗೆ ನಿಂತಿರುವುದಿಲ್ಲ; ದಿಗಂತದ ಮೇಲೆ ಅಡ್ಡ ಮಲಗಿರುತ್ತದೆ, ಎದ್ದು ನಿಲ್ಲಲು ಗಂಟೆಗಳೇ ಹಿಡಿಯುತ್ತವೆ. ಇದು ಮಕ್ಕಳ ಪುಸ್ತಕದಲ್ಲೂ ಇರುವ ವಿಷಯ ಎಂದು ಆಕೆಗೆ ಜ್ಞಾಪಿಸಿದೆ. ಈಗ ನೋಡು, ನಮ್ಮ ಪೆಟ್ಟಿಗೆ ಇಲ್ಲಿ ನೋಡುತ್ತದೆ, ಆಮೇಲೆ ಅದೇ ಎತ್ತರದಲ್ಲಿ ಪಕ್ಕಕ್ಕೆ ತಿರುಗಿ ಖಾಲಿ ಆಕಾಶ ನೋಡುತ್ತದೆ ಎಂದು ಬೆರಳನ್ನು ಪಕ್ಕಕ್ಕೆ ಸರಿಸಿದೆ.

ಬೆರಳು ಸೀಮೆಸುಣ್ಣದ ಆಕಾಶಗಂಗೆಯನ್ನು ಉದ್ದಕ್ಕೂ ಅಳಿಸಿಕೊಂಡು ಹೋಯಿತು.

ಅಡ್ಡ ಮಲಗಿದ್ದ ಆಕಾಶಗಂಗೆಯ ಮೇಲೆ ನಾವು ಅಡ್ಡಡ್ಡಲಾಗಿಯೇ ತಿರುಗಿದ್ದೆವು. ನಮ್ಮ ಖಾಲಿ ಆಕಾಶ ಖಾಲಿಯಾಗಿರಲಿಲ್ಲ. ಅದೇ ಪಟ್ಟಿಯ ಇನ್ನೊಂದು ತುಂಡಾಗಿತ್ತು. ಆಕಾಶಗಂಗೆಯಿಂದ ಆಕಾಶಗಂಗೆಯನ್ನು ಕಳೆದು, ಉಳಿದ ಸೊನ್ನೆಗೆ ವಿನಯಪೂರ್ವಕವಾದ ವರದಿ ಬರೆದಿದ್ದೆವು. ಒಂಟಿ ನಕ್ಷತ್ರವಾಗಿದ್ದರೆ ಪಕ್ಕಕ್ಕೆ ತಿರುಗಿದರೆ ತಪ್ಪಿಹೋಗುತ್ತಿತ್ತು. ಇದು ದಿಗಂತದುದ್ದಕ್ಕೂ ಮಲಗಿದ್ದ ಮಬ್ಬು. ಪಟ್ಟಿ ನಿಧಾನವಾಗಿ ಎದ್ದು ನಿಲ್ಲತೊಡಗಿದಂತೆ ಪಕ್ಕದ ನೋಟ ಅದರಿಂದ ಆಚೆ ಜಾರಿ, ಅಲ್ಲಿನ ಎಣಿಕೆ ಇಳಿಯಲು ಶುರುವಾಗಿತ್ತು. ಆಕೆ ಕಂಡದ್ದು ಅದು. ಅಷ್ಟರಲ್ಲಿ ಪ್ರೇಷಕ ಸತ್ತಿತು. ಪಟ್ಟಿ ನೆಟ್ಟಗೆ ನಿಂತಿದ್ದ ಗಂಟೆಗಳ ಎಣಿಕೆ, ಅಂದರೆ ನಮ್ಮ ಪದ್ಧತಿ ಸರಿಹೋಗಬಹುದಾಗಿದ್ದ ಅಷ್ಟೂ ಭಾಗ, ಐಮಂಗಲದ ವಾಟರ್ ಸರ್ವಿಸ್ಸಿನ ಚರಂಡಿಯಲ್ಲಿ ಹರಿದುಹೋಗಿತ್ತು.

ನಾನು ಕೆಳಗಿಳಿದು ಕರಡನ್ನು ಮುಂದಿಟ್ಟುಕೊಂಡು ಕೂತೆ. ಅದು ಹಾಗೇ ಹೋದರೆ ಯಾರೂ ಪ್ರಶ್ನಿಸುತ್ತಿರಲಿಲ್ಲ. ಹಿಂದೆಗೆದುಕೊಂಡರೆ ಸಮಿತಿಯ ಮುಂದೆ ನಮ್ಮ ನೋಟದ ಕ್ರಮವೇ ತಪ್ಪೆಂದು ನಾವೇ ಹೇಳಬೇಕು, ಅದಕ್ಕೆ ಪ್ರತಿಯಾಗಿ ಬೇರೇನಾದರೂ ಸಿಕ್ಕೀತೆಂಬ ಖಾತರಿಯಿಲ್ಲ. ನನಗೇನು, ನಿವೃತ್ತಿ ಹತ್ತಿರವಿತ್ತು, ಬರಿಗೈಯಾಗುವುದು ಅವಳಿಗೆ. ಆದ್ದರಿಂದ ಅವಳನ್ನೇ ಕೇಳಿದೆ. ಈ ಸೊನ್ನೆಯಿಂದ ಒಂದು ಅಧ್ಯಾಯ ಖಂಡಿತ ಆಗುತ್ತದೆ, ಇನ್ನೊಂದು ದಾರಿಯಲ್ಲಿ ಆಗದೆಯೂ ಹೋಗಬಹುದು ಎಂದೆ.

“ಸುಳ್ಳು ಸೊನ್ನೆ ಇಟ್ಕಂಡು ನಾನೇನ್ ಮಾಡ್ಲಿ ಸಾರ್,” ಎಂದಳು. ಆಮೇಲೆ, ನನಗೆ ಧೈರ್ಯ ಹೇಳುವವಳಂತೆ, ಚಹಾ ತರಿಸಲೇ ಎಂದು ಕೇಳಿದಳು.

ಕರಡನ್ನು ಹಿಂದೆಗೆದುಕೊಂಡೆ. ಮುಖ್ಯಸ್ಥರು ಫೋನಿನಲ್ಲಿ, ಹಾಗಾದರೆ ಯಾವುದರಿಂದ ಯಾವುದನ್ನು ಕಳೆಯುತ್ತೀರಿ ಎಂದು ಕೇಳಿದರು. ಸರಿಯಾದ ಪ್ರಶ್ನೆ. ಕಳೆಯದಿದ್ದರೆ ಗಾಳಿ, ಲೋಹ, ಆಕಾಶಗಂಗೆ ಎಲ್ಲ ಒಂದೇ ಗಂಜಿ. ನಮಗೆ ನಿಜವಾಗಿಯೂ ಖಾಲಿಯಾದ ಆಕಾಶ ಬೇಕಿತ್ತು, ಅದೇ ಎತ್ತರದಲ್ಲಿ, ಅದೇ ಹರಳಿನಿಂದ ನೋಡಿದ್ದು. ಹರಳು ಕರಗಿಹೋಗಿತ್ತು, ಹೊಸದಾಗಿ ಏನನ್ನೂ ನೋಡುವಂತಿರಲಿಲ್ಲ. ಇದ್ದದ್ದರಲ್ಲೇ ತಡಕಿದೆವು. ಬಲೂನು ಮೇಲೆ ತಲುಪಿ, ಆಕಾಶಗಂಗೆ ಇನ್ನೂ ಮೂಡುವ ಮೊದಲು, ತಿರುಗಿಸುವ ಮೋಟಾರುಗಳನ್ನು ಪರೀಕ್ಷಿಸಿದ ಒಂದಷ್ಟು ಹೊತ್ತಿತ್ತು. ಆಗ ಪೆಟ್ಟಿಗೆ ಅದೇ ಓರೆಯಲ್ಲಿ ಪೂರ್ವಕ್ಕೆ ಮುಖ ಮಾಡಿ ಸುಮ್ಮನೆ ಎಣಿಸುತ್ತಿತ್ತು, ಎದುರಿಗೆ ಪಟ್ಟಿಯಿಂದ ದೂರದ ಬೋಳು ಆಕಾಶ. ಪೂರ್ವಸಿದ್ಧತೆ ಎಂದು ಹಣೆಪಟ್ಟಿ ಹಚ್ಚಿ ಅದನ್ನು ಬದಿಗೆ ಎಸೆದಿದ್ದೆವು.

ಅದನ್ನು ಶುದ್ಧಮಾಡಲು ಹಿಡಿದ ಕಾಲವನ್ನು ನೆನೆದರೆ ಈಗಲೂ ಕಣ್ಣು ಉರಿಯುತ್ತದೆ. ಮೋಟಾರು ಓಡಿದಾಗಲೆಲ್ಲ ಅದರ ವಿದ್ಯುತ್ತಿನ ಗದ್ದಲವನ್ನು ಹರಳು ಕಿರಣವೆಂದು ಎಣಿಸಿತ್ತು. ಆ ಭಾಗಗಳನ್ನೆಲ್ಲ ಕತ್ತರಿಸಿದರೆ ಉಳಿದದ್ದು ಚೂರುಪಾರು. ಆ ಚೂರುಗಳನ್ನು ಕಳೆದಾಗ ಮೊದಲ ಸಲ ಬಂದ ಉತ್ತರ ಬೇರೆ ಎಲ್ಲರೂ ಕಂಡದ್ದಕ್ಕಿಂತ ಹಲವು ಪಟ್ಟು ಹೆಚ್ಚಿತ್ತು. ಇಷ್ಟು ದಟ್ಟವಾದ ಆಕಾಶಗಂಗೆ ಯಾರಿಗೂ ದಕ್ಕಿರಲಿಲ್ಲ. ಒಂದು ಮಧ್ಯಾಹ್ನ ಸಂತೋಷಪಟ್ಟೆವು. ಹೊತ್ತೇರಿದಂತೆ ಬಲೂನು ಸ್ವಲ್ಪ ಕೆಳಕ್ಕೆ ಇಳಿದಿತ್ತು, ಗಾಳಿಯ ದಪ್ಪ ಹೆಚ್ಚಿತ್ತು, ನಮ್ಮ ಸಂಪತ್ತಿನಲ್ಲಿ ಬಹುಪಾಲು ಬರಿ ಗಾಳಿಯದು ಎಂದು ಸಂಜೆಗೆ ತಿಳಿಯಿತು. ಒತ್ತಡಮಾಪಕದ ಅಂಕಿಗಳನ್ನು ಹಿಡಿದು ಒಂದೊಂದೇ ತಿದ್ದುಪಡಿ ಮಾಡಿದೆವು. ಪ್ರತಿ ತಿದ್ದುಪಡಿಗೂ ಆಕಾಶಗಂಗೆ ಕರಗುತ್ತ ಬಂತು. ಇದು ಎಲ್ಲಿ ನಿಲ್ಲುತ್ತದೋ ಎಂದು ಆಕೆ ಉಗುರು ಕಚ್ಚುತ್ತಿದ್ದಳು. ಮತ್ತೆ ಸೊನ್ನೆಗೇ ಬಂದು ನಿಂತರೆ, ಈ ಸಲದ್ದು ಪ್ರಾಮಾಣಿಕ ಸೊನ್ನೆ ಎಂಬ ಸಮಾಧಾನವನ್ನು ನಾನು ಸಿದ್ಧಮಾಡಿ ಇಟ್ಟುಕೊಂಡಿದ್ದೆ. ಅದನ್ನು ಆಕೆಗೆ ಹೇಳುವ ಧೈರ್ಯವಾಗಲಿಲ್ಲ.

ಪರಿಶೀಲನಾ ಸಭೆಯಲ್ಲಿ ನಮ್ಮ ತಪ್ಪನ್ನು ನಾವೇ ಚಿತ್ರ ಬರೆದು ತೋರಿಸಿದೆವು. ಸದಸ್ಯರೊಬ್ಬರು ಇದು ಶಾಲೆಯ ಮಟ್ಟದ ಪ್ರಮಾದವಲ್ಲವೇ ಎಂದರು. ಹೌದೆಂದು ಒಪ್ಪಿ, ಶಾಲೆಯಲ್ಲಿ ಕಲಿತದ್ದನ್ನು ಕೆಲಸಕ್ಕೆ ಬಳಸುವ ರೂಢಿ ನಮ್ಮಲ್ಲಿ ಇನ್ನೂ ಪೂರ್ತಿ ಬಂದಿಲ್ಲ ಎಂದೆ. ಯೋಜನೆ ಮುಚ್ಚಿತು. ಹರಳಿಲ್ಲದ ಪೆಟ್ಟಿಗೆ ಉಗ್ರಾಣ ಸೇರಿತು.

ಪ್ರಬಂಧ ಅಚ್ಚಾಗಿ ಬಂದ ದಿನ ವಿದ್ಯಾರ್ಥಿನಿ ಒಂದು ಪ್ರತಿ ತಂದು, ನೇರವಾಗಿ ತನ್ನ ಅಧ್ಯಾಯದ ನಕ್ಷೆಯ ಪುಟವನ್ನೇ ತೆರೆದು ನನ್ನ ಮೇಜಿನ ಮೇಲಿಟ್ಟಳು. ಇತರರ ಅಳತೆಗಳೆಲ್ಲ ಸಾಲಾಗಿ ಅಚ್ಚುಕಟ್ಟಾದ ಚುಕ್ಕೆಗಳು. ನಮ್ಮದು ಅವುಗಳ ಪಕ್ಕದಲ್ಲಿ ಒಂದೇ ಒಂದು ಚುಕ್ಕೆ. ಅದರ ಅನಿಶ್ಚಯವನ್ನು ತೋರಿಸುವ ಗೀಟು ಮೇಲಕ್ಕೂ ಕೆಳಕ್ಕೂ ಬಿದಿರಿನ ಗಳದ ಹಾಗೆ ಚಾಚಿಕೊಂಡು, ಇಡೀ ನಕ್ಷೆಗೇ ಅಪಮಾನವಾಗುವಂತಿತ್ತು. ಆ ಗೀಟು ಕೆಳಗಿನ ಸೊನ್ನೆಯ ಗೆರೆಯನ್ನು ಮುಟ್ಟಿದರೆ ನಾವು ಏನನ್ನೂ ಕಂಡಿಲ್ಲವೆಂದೇ ಲೆಕ್ಕ. ಆಕೆ ಗೀಟಿನ ಕೆಳತುದಿಯ ಹತ್ತಿರ ಬೆರಳಿಟ್ಟಳು. ನಾನು ಹಳೆಯ ಕಾಲದವನು. ಡ್ರಾಯರಿನಿಂದ ಅಳತೆಪಟ್ಟಿ ತೆಗೆದು ಸೊನ್ನೆಯ ಗೆರೆಯ ಮೇಲಿಟ್ಟು, ಕನ್ನಡಕ ಹಣೆಗೇರಿಸಿ, ಬಗ್ಗಿ ನೋಡಿದೆ. ಗೀಟಿಗೂ ಗೆರೆಗೂ ನಡುವೆ ಒಂದು ಕೂದಲೆಳೆಯಷ್ಟು ಬಿಳಿ ಕಾಗದ ಕಾಣುತ್ತಿತ್ತು.

“ಮುಟ್ಟಲ್ಲ ಸಾರ್,” ಎಂದಳು.

ಮುಟ್ಟುತ್ತಿರಲಿಲ್ಲ.